ಗುಡಾರ, ಕೋಲು, ಬಕೆಟ್ಟು

ಹನ್ನೊಂದು ಸಾವಿರದ ನೂರ ಎಪ್ಪತ್ತೆರಡು ಅಕ್ಷರ.
ಅಷ್ಟೂ ಬರೆದರೆ ನಮ್ಮಲ್ಲಿ ಒಂದು ಫಾಂಟು ಪೂರ್ತಿ.
ಅದರಲ್ಲಿ ಬಹುಪಾಲು
ಯಾರ ಬಾಯಿಗೂ ಇದುವರೆಗೆ ಬಂದಿಲ್ಲ,
ಇನ್ನು ಬರುವ ಹಾಗೂ ಕಾಣುವುದಿಲ್ಲ.
ಲೆಕ್ಕದ ಪ್ರಕಾರ ಹುಟ್ಟಿದವು, ಅಷ್ಟೇ,
ಹೆಸರು ಹಿಡಿದು ಕರೆಯುವವರಿಲ್ಲದ ಕೂಸುಗಳು.

ಹ್ಯೇರಿನ್ ಅವಕ್ಕೂ ಕೂತು ಮೂಗು ತೀಡುತ್ತಿದ್ದಳು.

ಸೋಲ್ ನಗರ, ಉಲ್ಜಿರೋ, ಮುದ್ರಣಾಲಯಗಳ ಗಲ್ಲಿ,
ನಾಲ್ಕನೇ ಮಹಡಿ. ಪಕ್ಕದ ಮೇಜಿನವನು ನಾನು.
ಅಲ್ಪವಿರಾಮ, ಪ್ರಶ್ನೆಚಿಹ್ನೆ, ಅಂಕಿಗಳು ನನ್ನ ಪಾಲು.
ಏಳಕ್ಕೆ ಮನೆಗೆ ಹೊರಡುವವನು,
ಹೊರಡುವಾಗ ಅವಳ ಬೆನ್ನಿಗೆ
ಕದ್ದವನ ಹಾಗೆ ತಲೆಬಾಗುವವನು.

"ಸಾಕು ಬಿಡು" ಅಂದರು ನಮ್ಮ ಮುಖ್ಯಸ್ಥರು ಒಮ್ಮೆ.
ಸಾಕು ಅನ್ನುವುದು ಅವಳ ಕಿವಿಗೆ ಬೈಗುಳ.
ಅವರೇ ಸೋಮವಾರದ ಸಭೆಯಲ್ಲಿ
"ಇವಳನ್ನು ನೋಡಿ ಕಲಿಯಿರಿ" ಅಂದರು.
ನಾವು ನೋಡಿದೆವು:
ಎಡಗಣ್ಣಿನ ರೆಪ್ಪೆ ತಾನಾಗಿ ಅದುರುತ್ತಿತ್ತು,
ಮಣಿಕಟ್ಟಿಗೆ ಪಟ್ಟಿ,
ಡ್ರಾಯರಿನಲ್ಲಿ ಹಲ್ಲುಜ್ಜುವ ಬ್ರಷ್ಷು,
ಹಳಸಿದ ಅರ್ಧ ಗಿಂಬಾಪ್.

ಆಸ್ಪತ್ರೆಯ ಅರ್ಜಿ ತುಂಬಲು ಕೊಟ್ಟರೆ
ಗೆರೆಯ ದಪ್ಪ ಅಳೆಯುತ್ತ ಕೂತಳಂತೆ.
ಹುಡುಗ ಬಿಟ್ಟುಹೋಗುವಾಗ ಉದ್ದದ ಸಂದೇಶ ಕಳಿಸಿದ.
ನನಗೆ ತೋರಿಸಿದಳು,
"ಸಾಲುಗಳ ನಡುವೆ ಜಾಗ ಸಡಿಲ, ನೋಡು."
ನಾನು ನಕ್ಕೆ. ಅವಳು ನಗಲಿಲ್ಲ.

ಮಾರ್ಚ್ ತಿಂಗಳು, ಹಳದಿ ಧೂಳಿನ ಒಂದು ಬೆಳಗು.
ರಾತ್ರಿಯಿಡೀ ತಿದ್ದಿ, ತಿದ್ದಿದ್ದನ್ನು ಅಳಿಸಿ,
ಹಸಿವಾಗಿ ಕೆಳಗಿಳಿದಿದ್ದಾಳೆ.
ಮಾಲ್‌ಸುನ್ ಅಮ್ಮನ ಗಿಂಬಾಪ್ ಅಂಗಡಿಗೆ ಶಟರು.
ಶಟರಿಗೆ ಮೂಲಂಗಿ ಪೆಟ್ಟಿಗೆಯ ಒಂದು ರಟ್ಟು,
ರಟ್ಟಿನ ಮೇಲೆ ಕಪ್ಪು ಮಾರ್ಕರಿನಲ್ಲಿ:
ಇವತ್ತು ಬಿಡುವು.

ನಮ್ಮ ಭಾಷೆಯಲ್ಲಿ ಆ ಬಿಡುವಿನ ಮಾತಿಗೂ
'ಸುಲಭ' ಅನ್ನುವ ಮಾತಿಗೂ ಮೊದಲಕ್ಷರ ಒಂದೇ:
ಮೇಲೊಂದು ಗುಡಾರ, ಪಕ್ಕಕ್ಕೆ ಕೋಲು, ಕೆಳಗೆ ಬಕೆಟ್ಟು.
ಆ ಒಂದಕ್ಕೇ ಹ್ಯೇರಿನ್ ಒಂಬತ್ತು ದಿನ ಕೊಟ್ಟಿದ್ದಳು.
ಗುಡಾರ ಹಿಗ್ಗಿದರೆ ಬಕೆಟ್ಟು ಕುಗ್ಗುತ್ತಿತ್ತು,
ಕೋಲು ಕೂದಲೆಳೆಯಷ್ಟು ಸರಿದರೆ
ಇಡೀ ಮನೆ ವಾಲುತ್ತಿತ್ತು.

ಮಾಲ್‌ಸುನ್ ಅಮ್ಮ ಬರೆದದ್ದರಲ್ಲಿ
ಗುಡಾರ ಗಾಳಿಗೆ ಸಿಕ್ಕ ಹಾಗೆ, ಬಕೆಟ್ಟಿಗೆ ತಳ ಸೊಟ್ಟ.
ಕೊನೆಯ ಅಕ್ಷರಕ್ಕೆ ಜಾಗ ಸಾಲದೆ
ಅಂಚು ಹಿಡಿದು ಮೇಲಕ್ಕೆ ಹತ್ತಿತ್ತು,
ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತವರ ಹಾಗೆ.

ನಾನು ಒಂಬತ್ತೂವರೆಗೆ ಬಂದಾಗ
ಅವಳು ಆ ಮೆಟ್ಟಿಲ ಮೇಲೆ ಕೂತಿದ್ದಳು.
"ಮೊದಲು ಓದಿದೆ," ಅಂದಳು.
"ಏನು?"
"ಮೊದಲು ಓದಿದೆ ಕಣೋ. ನೋಡಿದ್ದು ಆಮೇಲೆ.
ಎಷ್ಟು ವರ್ಷವಾಯಿತು."
ಅಷ್ಟು ಹೇಳಿ, ಶಟರಿಗೆ ತಲೆಯಾನಿಸಿ
ಬಾಯಿ ತೆರೆದುಕೊಂಡು ನಿದ್ದೆ ಹೋದಳು.
ಕಾಗದ ಹೊತ್ತ ಮೂರು ಚಕ್ರದ ಗಾಡಿಗಳು
ಹಾರ್ನು ಒತ್ತಲಿಲ್ಲ, ಅವಳ ಕಾಲು ಬಳಸಿ ಹೋದವು.
ಮೇಲೆ ಅವಳ ಫೋನು ಮೇಜಿನ ಮೇಲೆ
ಮಧ್ಯಾಹ್ನದವರೆಗೆ ಗುಂಯ್‌ಗುಟ್ಟಿತು.
ನಾನು ಎತ್ತಲಿಲ್ಲ.
ನನ್ನ ಹನ್ನೆರಡು ವರ್ಷದ ನೌಕರಿಯಲ್ಲಿ
ನಾನು ಮಾಡಿದ ದೊಡ್ಡ ಕೆಲಸ ಅದು.

ಬದಲಾದಳು ಅಂದರೆ ಸುಳ್ಳಾದೀತು.
ಬುಧವಾರವೇ ರಾತ್ರಿ ಎರಡಕ್ಕೆ ಮತ್ತೆ ಅವಳ ದೀಪ.
ಆದರೆ ಗುರುವಾರ ಅಂಗಡಿಗೆ ಹೋಗಿ
ಆ ರಟ್ಟು ತನಗೆ ಕೊಡಿ ಅಂತ ಕೇಳಿದಳಂತೆ,
ದುಡ್ಡು ಕೊಡುತ್ತೇನೆ, ಗೋಡೆಗೆ ಹಾಕಿಕೊಳ್ಳುತ್ತೇನೆ ಅಂತ.

ಮಾಲ್‌ಸುನ್ ಅಮ್ಮ ಅನ್ನದ ಮೇಲೆ ಎಳ್ಳೆಣ್ಣೆ ಸವರುತ್ತ
ತಲೆಯೆತ್ತದೆ ಅಂದರಂತೆ:
"ಆಗಲ್ಲಮ್ಮ.
ಬರೋ ತಿಂಗಳು ನನಗೇ ಬೇಕು."